ಮಾಡ್ಯೂಲ್ ಕೊಳ್ಳೋದಾ, ನಾವೇ ಮಾಡೋದಾ?

ನಮ್ಮ ಕಾಕಾಂದು ಬ್ಯಾಡಗಿಯಲ್ಲಿ ಒಂದು ಸಣ್ಣ ದಲಾಲಿ ಅಂಗಡಿ ಇದೆ. ಅಂಗಡಿ ಹಿಂದೆ ಸುಮಾರು 150 ಮೀಟರ್ ದೂರದಲ್ಲಿ ತಗಡಿನ ಗೋದಾಮು. ರೇಟು ಬರಲಿ ಅಂತ ಕಾಯ್ತಾ ಕೆಲವು ಚೀಲ ಮೆಣಸಿನಕಾಯಿ ಅಲ್ಲಿ ಉಳಿದಿರುತ್ತವೆ. ಬ್ಯಾಡಗಿ ಕಾಯಿಗೆ ಬೆಲೆ ಬರೋದು ಖಾರಕ್ಕಲ್ಲ, ಬಣ್ಣಕ್ಕೆ. ಕಡ್ಡಿ ಇರಲಿ, ಡಬ್ಬಿ ಇರಲಿ, ಥಂಡಿ ಹಿಡಿದರೆ ಬಣ್ಣ ಹೋಗುತ್ತೆ, ಬೂಷ್ಟು ಬರುತ್ತೆ. 2011ರಲ್ಲಿ ಸಿಕ್ಕ ಜಿಐ ಟ್ಯಾಗ್ ಆಗ ಚೀಲ ಉಳಿಸೋದಿಲ್ಲ.

ನಾನು ಫಸ್ಟ್ ಇಯರ್‌ನಲ್ಲಿದ್ದಾಗ ಕಾಕಾ ಕೇಳಿದ್ರು: “ತಮ್ಮಾ, ಇಂಜಿನಿಯರಿಂಗ್ ಓದಾಕತ್ತಿ. ಗೋದಾಮಿನ್ಯಾಗ ಥಂಡಿ ಎಷ್ಟೈತಿ ಅಂತ ಅಂಗಡ್ಯಾಗ ಕುಂತ ನೋಡೂವಂಗ ಏನರ ಮಾಡಿಕೊಡಾಕ ಆಕ್ಕತೇನು?”

“ಆಕ್ಕತಿ ಕಾಕಾ, ಒಂದು ತಿಂಗಳು ಕೊಡ್ರಿ” ಅಂದೆ. ಅಲ್ಲಿಂದ ಶುರುವಾದದ್ದೇ ಈ ಲೇಖನದ ಪ್ರಶ್ನೆ. ಒಂದು ವಸ್ತುವಿಗೆ ವೈರ್‌ಲೆಸ್ ಬೇಕು ಅಂದಾಗ ರೆಡಿ ಮಾಡ್ಯೂಲ್ ಕೊಂಡು ಹಾಕಬೇಕಾ, ಇಲ್ಲಾ ಚಿಪ್ ತಂದು ರೇಡಿಯೊ ಭಾಗವನ್ನು ನಾವೇ ಬೋರ್ಡ್ ಮೇಲೆ ಕಟ್ಟಬೇಕಾ? ನಾನು ತಪ್ಪು ಉತ್ತರ ಆರಿಸಿದೆ. ಅದರಿಂದ ಕಾಕಾಗೆ 11 ಚೀಲ ಕಾಯಿ ನಷ್ಟ ಆಯ್ತು. ನಮ್ಮ ಕ್ಯಾಂಪಸ್‌ನಲ್ಲಿ ಈ ವರ್ಷ ಮಿನಿ ಪ್ರಾಜೆಕ್ಟ್ ಮಾಡೋರು ಅದೇ ತಪ್ಪು ಮಾಡಬಾರದು ಅಂತ ಬರೀತಿದ್ದೀನಿ.

ಮೂರು ದಾರಿ

ಕೊಳ್ಳೋದು, ಮಾಡೋದು ಅಂತ ಎರಡೇ ದಾರಿ ಅಂದುಕೊಳ್ತೀವಿ. ನಿಜವಾಗಿ ಇರೋದು ಮೂರು.

ಮೊದಲನೇದು ಡೆವಲಪ್‌ಮೆಂಟ್ ಬೋರ್ಡ್. ನೋಡ್‌ಎಂಸಿಯು ತರದ್ದು, ಯುಎಸ್‌ಬಿ ಕೇಬಲ್ ಚುಚ್ಚಿದರೆ ಕೆಲಸ ಶುರು. ಎರಡನೇದು ಮಾಡ್ಯೂಲ್. ಬೋರ್ಡ್ ನಮ್ಮದೇ, ರೇಡಿಯೊ ಇರೋ ಸಣ್ಣ ತುಂಡನ್ನು ಮಾತ್ರ ಕೊಂಡು ಅದರ ಮೇಲೆ ಬೆಸುಗೆ ಹಾಕ್ತೀವಿ. ಮೂರನೇದು ಬರೀ ಚಿಪ್ ತಂದು ಕ್ರಿಸ್ಟಲ್, ಮ್ಯಾಚಿಂಗ್, ಆಂಟೆನಾ ಎಲ್ಲಾ ನಾವೇ ವಿನ್ಯಾಸ ಮಾಡೋದು.

ನಮ್ಮ ಕಡೆ ಭಾಷೆಯಲ್ಲಿ ಹೇಳೋದಾದ್ರೆ, ಮೊದಲನೇದು ಖಾನಾವಳಿಯಲ್ಲಿ ಕೂತು ರೊಟ್ಟಿ ಊಟ ಮಾಡಿದ ಹಾಗೆ. ಎರಡನೇದು ಗಿರಣಿಯಿಂದ ಹಿಟ್ಟು ತಂದು ಮನೆಯಲ್ಲಿ ರೊಟ್ಟಿ ಬಡಿದ ಹಾಗೆ. ಮೂರನೇದು ಜೋಳ ಬಿತ್ತೋದರಿಂದ ಶುರು. ಮನೆಯಲ್ಲಿ ರೊಟ್ಟಿ ಮಾಡ್ತೀವಿ ಅಂತ ಹೇಳಿಕೊಳ್ಳೋಕೆ ಯಾರೂ ಜೋಳ ಬಿತ್ತೋದಿಲ್ಲ. ಆದರೆ ನಾನು ಬಿತ್ತೋಕೆ ಹೋದೆ.

ಆ ತಗಡಿನ ಮುಚ್ಚಳದ ಕೆಳಗೆ

ಇಎಸ್‌ಪಿ32-ವ್ರೂಮ್-32 ಮಾಡ್ಯೂಲ್ ನೀವೆಲ್ಲಾ ನೋಡಿರ್ತೀರಿ. 18 ಮಿಲಿಮೀಟರ್ ಅಗಲ, 25.5 ಮಿಲಿಮೀಟರ್ ಉದ್ದ, ಮೇಲೆ ಬೆಳ್ಳಿ ಬಣ್ಣದ ತಗಡಿನ ಮುಚ್ಚಳ, ತುದಿಯಲ್ಲಿ ಹಾವಿನ ಹಾಗೆ ಸುತ್ತಿದ ತಾಮ್ರದ ಗೆರೆ. ಲ್ಯಾಬ್‌ನಲ್ಲಿ ಸುಟ್ಟುಹೋದ ಒಂದು ಮಾಡ್ಯೂಲ್‌ನ ಮುಚ್ಚಳ ಬಿಸಿ ಗಾಳಿಯಿಂದ ಎಬ್ಬಿಸಿ ನೋಡಿದೆ. ಒಳಗೆ ಇರೋದು ಮೈನ್ ಚಿಪ್, 40 ಮೆಗಾಹರ್ಟ್ಸ್ ಕ್ರಿಸ್ಟಲ್, ಪ್ರೋಗ್ರಾಂ ಇಡೋ ಫ್ಲ್ಯಾಶ್ ಚಿಪ್, ಸಾಸಿವೆ ಕಾಳಿನಷ್ಟು ಸಣ್ಣ ಕೆಪಾಸಿಟರ್, ಇಂಡಕ್ಟರ್‌ಗಳು. ಇಷ್ಟೇನಾ ಅನ್ನಿಸಿತು.

ಅಲ್ಲೇ ಮೋಸ ಹೋಗೋದು. ಪಾರ್ಟುಗಳನ್ನು ಎಣಿಸಿದರೆ ಮಾಡ್ಯೂಲ್ ಸುಲಭವಾಗಿ ಕಾಣುತ್ತೆ. ಆದರೆ ನಾವು ದುಡ್ಡು ಕೊಡೋದು ಪಾರ್ಟುಗಳಿಗಲ್ಲ, ಆ ಪಾರ್ಟುಗಳು ಯಾವ ಜಾಗದಲ್ಲಿ, ಯಾವ ಬೆಲೆಯಲ್ಲಿ ಕೂತಿವೆ ಅನ್ನೋ ನಿರ್ಧಾರಕ್ಕೆ. ಕ್ರಿಸ್ಟಲ್‌ಗೆ ಹಾಕೋ ಕೆಪಾಸಿಟರ್ ಸ್ವಲ್ಪ ಹೆಚ್ಚುಕಡಿಮೆ ಆದರೆ ಫ್ರೀಕ್ವೆನ್ಸಿ ಸರಿಯುತ್ತೆ. ಚಿಪ್‌ನಿಂದ ಆಂಟೆನಾಗೆ ಹೋಗೋ ದಾರಿ 50 ಓಮ್‌ಗೆ ಹೊಂದದಿದ್ದರೆ ಪವರ್ ವಾಪಸ್ ಬರುತ್ತೆ. ತಗಡಿನ ಮುಚ್ಚಳ ಇಲ್ಲದಿದ್ದರೆ ಒಳಗಿನ ಗದ್ದಲ ಹೊರಗೆ ಸೋರುತ್ತೆ. ಇವನ್ನೆಲ್ಲ ಒಬ್ಬರು ಅಳೆದು, ತಿದ್ದಿ, ಮತ್ತೆ ಅಳೆದು, ಪ್ರಮಾಣಪತ್ರ ತಗೊಂಡು ಮುಚ್ಚಳ ಮುಚ್ಚಿದ್ದಾರೆ. ನಾವು ಕೊಳ್ಳೋದು ಆ ಮುಗಿದ ಕೆಲಸವನ್ನ.

ನಾನು ಮಾಡಿದ ತಪ್ಪು

ಕೈಕ್ಯಾಡ್ ಕಲಿತ ಹೊಸತು. ಚಿಪ್ ಹಾಕಿ ಮಾಡಿದರೆ ಪ್ರತಿ ಪೀಸ್‌ಗೆ ನೂರು ರೂಪಾಯಿ ಮೇಲೆ ಉಳಿಯುತ್ತೆ ಅಂತ ಲೆಕ್ಕ ಹಾಕಿದೆ. ಬೇಕಾಗಿದ್ದು ಎರಡೇ ಪೀಸ್ ಅನ್ನೋದನ್ನ ಲೆಕ್ಕಕ್ಕೆ ತಗೊಳ್ಳಲಿಲ್ಲ.

ಇಎಸ್‌ಪಿ32 ಚಿಪ್‌ಗೆ 48 ಕಾಲು, ಎಲ್ಲವೂ ಹೊಟ್ಟೆ ಅಡಿಯಲ್ಲಿ. ಮೊದಲ ಎರಡು ಚಿಪ್ ಬೆಸುಗೆಯಲ್ಲೇ ಹೋದವು. ಮೂರನೇದು ಎದ್ದು ನಿಂತಿತು. ಹಾಸ್ಟೆಲ್ ರೂಮಿನಲ್ಲಿ ಒಂದು ಬೋರ್ಡ್ ನನ್ನ ಮಂಚದ ಮೇಲೆ, ಇನ್ನೊಂದು ರೂಮ್‌ಮೇಟ್ ಮಂಚದ ಮೇಲೆ. ರೀಡಿಂಗ್ ಬಂತು. ಕುಣಿದಾಡಿದೆವು. ಮರುದಿನ ಹಾವೇರಿಯಿಂದ ವಾಯವ್ಯ ಸಾರಿಗೆ ಬಸ್ ಹತ್ತಿ ಬ್ಯಾಡಗಿಗೆ ಹೋದೆ.

ಗೋದಾಮಿನಲ್ಲಿ ಐದು ಮೀಟರ್ ದಾಟಿದ ಮೇಲೆ ಸಿಗ್ನಲ್ ಇಲ್ಲ. ಅಂಗಡಿ 150 ಮೀಟರ್ ದೂರ. ಕಾಕಾ ಏನೂ ಅನ್ನಲಿಲ್ಲ. “ಇರ್ಲಿ ಬಿಡ, ಮುಂದ ಮಾಡೀಯಂತ” ಅಂದ್ರು. ಬೋರ್ಡ್ ಗೋಡೆಗೆ ತೂಗುಹಾಕಿ, ಪರೀಕ್ಷೆ ಮುಗಿಸಿ ಬಂದು ಸರಿ ಮಾಡ್ತೀನಿ ಅಂತ ಹೇಳಿ ವಾಪಸ್ ಬಂದೆ. ಜೂನ್‌ನಲ್ಲಿ ಮಳೆ ಹಿಡಿಯಿತು. ಒಂದು ತಗಡಿನ ಸಂದಿಯಿಂದ ನೀರು ಇಳಿದು ಕೆಳಗಿನ ಸಾಲಿನ ಚೀಲಗಳಿಗೆ ಥಂಡಿ ಹತ್ತಿತು. ನನ್ನ ಸೆನ್ಸರ್ ಅದನ್ನ ಸರಿಯಾಗಿ ಅಳೆದಿತ್ತು. ಆ ಅಂಕಿ ಮಾತ್ರ ಅಂಗಡಿ ತಲುಪಲೇ ಇಲ್ಲ. ಗೋಡೆ ಮೇಲೆ ಯಂತ್ರ ಇದೆಯಲ್ಲ ಅನ್ನೋ ಧೈರ್ಯದಲ್ಲಿ ಕಾಕಾ ದಿನಾ ಹೋಗಿ ಕೈ ಹಾಕಿ ನೋಡೋದನ್ನೂ ಬಿಟ್ಟಿದ್ರು. ನನಗೆ ಹೆಚ್ಚು ಚುಚ್ಚೋದು ಇದೇ. ಏನೂ ಕೊಡದೇ ಇದ್ದಿದ್ದರೆ ಆ ಚೀಲಗಳು ಉಳೀತಿದ್ವೋ ಏನೋ.

ಆಮೇಲೆ ಒಬ್ಬ ಸೀನಿಯರ್ ಬೋರ್ಡ್ ನೋಡಿ ಎರಡು ತಪ್ಪು ತೋರಿಸಿದ್ರು. ಒಂದು, ಆಂಟೆನಾಗೆ ಹೋಗೋ ಟ್ರೇಸ್. ನಾನು ಬೇರೆ ಸಿಗ್ನಲ್‌ಗಳ ಹಾಗೆ ಕಾಲು ಮಿಲಿಮೀಟರ್ ಅಗಲ ಇಟ್ಟಿದ್ದೆ. ನಾವು ಮಾಡಿಸೋ ಸಾಮಾನ್ಯ 1.6 ಮಿಲಿಮೀಟರ್ ದಪ್ಪದ, ಎರಡು ಪದರದ ಎಫ್‌ಆರ್4 ಬೋರ್ಡ್‌ನಲ್ಲಿ 50 ಓಮ್ ಬೇಕಂದ್ರೆ ಸುಮಾರು 3 ಮಿಲಿಮೀಟರ್ ಅಗಲ ಬೇಕು. ಕಾಲು ಮಿಲಿಮೀಟರ್‌ಗೆ ಸುಮಾರು 130 ಓಮ್ ಬರುತ್ತೆ. 130ಕ್ಕೆ 50 ನೇರವಾಗಿ ಸೇರಿದರೆ ಐದರಲ್ಲಿ ಒಂದು ಪಾಲು ಪವರ್ ವಾಪಸ್.

ಅದೊಂದೇ ಆಗಿದ್ದರೆ ಬದುಕಬಹುದಿತ್ತು. ಎರಡನೇ ತಪ್ಪು ದೊಡ್ಡದು. ಆಂಟೆನಾ ಗೆರೆಯ ಕೆಳಗೂ ಗ್ರೌಂಡ್ ತಾಮ್ರ ತುಂಬಿಸಿಬಿಟ್ಟಿದ್ದೆ. ಆಂಟೆನಾ ಸುತ್ತ ಖಾಲಿ ಜಾಗ ಇರಬೇಕು. ಕೆಳಗೆ ತಾಮ್ರ ಇದ್ದರೆ ಅದು ಆಂಟೆನಾ ಆಗಿ ಉಳಿಯೋದೇ ಇಲ್ಲ, ಟ್ಯೂನಿಂಗ್ ತಪ್ಪಿ ಪವರ್ ಗಾಳಿಗೆ ಹೋಗೋ ಬದಲು ಬೋರ್ಡ್‌ನಲ್ಲೇ ಸಾಯುತ್ತೆ. ಸಾಫ್ಟ್‌ವೇರ್ ಆಗಿದ್ದರೆ ಎರರ್ ಮೆಸೇಜ್ ಬರ್ತಿತ್ತು. ರೇಡಿಯೊ ತಪ್ಪಿಗೆ ಎರರ್ ಮೆಸೇಜ್ ಇಲ್ಲ. ಹತ್ತಿರ ಇಟ್ಟರೆ ಎಂಥಾ ಕೆಟ್ಟ ಆಂಟೆನಾ ಆದ್ರೂ ಕೆಲಸ ಮಾಡುತ್ತೆ. ಮಂಚದಿಂದ ಮಂಚಕ್ಕೆ ಮಾಡಿದ ಟೆಸ್ಟ್ ಟೆಸ್ಟೇ ಅಲ್ಲ.

ದುಡ್ಡಿನ ಲೆಕ್ಕ

ಈಗ ಲೆಕ್ಕ ಸರಿಯಾಗಿ ಹಾಕೋಣ. ಕೆಳಗಿನ ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು. ನಿಮ್ಮ ಪ್ರಾಜೆಕ್ಟ್‌ಗೆ ನಿಮ್ಮ ಅಂಕಿ ಹಾಕಿ.

ಮಾಡ್ಯೂಲ್ ಬೆಲೆ 250 ರೂಪಾಯಿ ಅಂತಿರಲಿ. ಚಿಪ್, ಕ್ರಿಸ್ಟಲ್, ಫ್ಲ್ಯಾಶ್, ಸಣ್ಣಪುಟ್ಟ ಪಾರ್ಟ್ ಸೇರಿ 130 ರೂಪಾಯಿ. ಒಂದು ಪೀಸ್‌ಗೆ ಉಳಿತಾಯ 120. ಆದರೆ ಚಿಪ್ ದಾರಿಗೆ ಒಂದು ಸಲದ ಖರ್ಚು ಇದೆ: ಬೋರ್ಡ್‌ನ ಮೂರ್ನಾಲ್ಕು ಆವೃತ್ತಿ, ರೇಡಿಯೊ ಗೊತ್ತಿರೋ ಇಂಜಿನಿಯರ್‌ನ ಕೆಲವು ತಿಂಗಳ ಸಂಬಳ, ಲ್ಯಾಬ್ ಟೆಸ್ಟ್, ಅನುಮತಿ. ಒಟ್ಟು 9 ಲಕ್ಷ ಅಂದುಕೊಳ್ಳಿ. 9 ಲಕ್ಷವನ್ನು 120ರಿಂದ ಭಾಗಿಸಿದರೆ 7,500. ಅಂದರೆ 7,500 ಪೀಸ್ ಮಾರಿದ ಮೇಲೆ ಅಸಲು ಬರುತ್ತೆ, ಅಲ್ಲಿಂದ ಮುಂದೆ ಲಾಭ.

ಬರೀ 50 ಪೀಸ್ ಮಾಡಿದರೆ ಆ 9 ಲಕ್ಷ ಪ್ರತಿ ಪೀಸ್ ಮೇಲೆ 18,000 ರೂಪಾಯಿಯಾಗಿ ಕೂರುತ್ತೆ. ಒಂದು ಲಕ್ಷ ಪೀಸ್ ಮಾಡಿದರೆ 1.2 ಕೋಟಿ ಉಳಿದು, 9 ಲಕ್ಷ ಕಳೆದರೂ 1.11 ಕೋಟಿ ಕೈಯಲ್ಲಿರುತ್ತೆ. ಅದೇ ಚಿಪ್, ಅದೇ ಬೋರ್ಡ್. ಉತ್ತರ ಬದಲಾಯಿಸಿದ್ದು ಸಂಖ್ಯೆ ಮಾತ್ರ.

ದುಡ್ಡಲ್ಲದ ಇನ್ನೊಂದು ಬೆಲೆ ಇದೆ, ಅದು ಸಮಯ. ಮೆಣಸಿನಕಾಯಿ ಸೀಸನ್ ನಮ್ಮ ಬೋರ್ಡ್‌ಗೋಸ್ಕರ ಕಾಯೋದಿಲ್ಲ. ಮಳೆಯೂ ಕಾಯಲಿಲ್ಲ.

ಕೊಂಡರೂ ತಪ್ಪು ಮಾಡಬಹುದು

ಸರಿ, ಮಾಡ್ಯೂಲ್ ಕೊಂಡ್ವಿ, ಮುಗೀತಾ? ಇಲ್ಲ. ಯಾವ ಮಾಡ್ಯೂಲ್ ಅನ್ನೋದು ಅಷ್ಟೇ ದೊಡ್ಡ ಪ್ರಶ್ನೆ.

ಗೋದಾಮಿನ ಕೆಲಸಕ್ಕೆ ವೈಫೈ ಸರಿಯಾದ ಆಯ್ಕೆಯೇ ಆಗಿರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಹತ್ತು ಬೈಟ್ ಕಳಿಸೋಕೆ ವೈಫೈ ವೇಗ ಯಾಕೆ? ಅಲ್ಲಿ ಬೇಕಾದ್ದು ದೂರ. ಲೋರಾ ಅನ್ನೋ ಪದ್ಧತಿ ವೇಗ ಬಿಟ್ಟುಕೊಟ್ಟು ದೂರ ಗಳಿಸುತ್ತೆ. ಅತಿ ನಿಧಾನದ ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ 300 ಬಿಟ್‌ಗಿಂತ ಕಡಿಮೆ. ಆದರೆ ಸೆಮ್‌ಟೆಕ್ ಕಂಪನಿಯ ಎಸ್‌ಎಕ್ಸ್1276 ಚಿಪ್ ಆಗ ಮೈನಸ್ 137 ಡಿಬಿಎಂ ಸುತ್ತಮುತ್ತಲಿನ ಕ್ಷೀಣ ಸಿಗ್ನಲ್ಲನ್ನೂ ಹಿಡಿಯುತ್ತೆ. ಇಎಸ್‌ಪಿ32ರ ವೈಫೈ ಅತಿ ನಿಧಾನದಲ್ಲೂ ಮೈನಸ್ 97ರ ಆಸುಪಾಸಿಗೆ ನಿಲ್ಲುತ್ತೆ. ವ್ಯತ್ಯಾಸ 40 ಡಿಬಿ, ಅಂದರೆ ಹತ್ತು ಸಾವಿರ ಪಟ್ಟು. ಇದರ ಮೇಲೆ, 2.4 ಗಿಗಾಹರ್ಟ್ಸ್‌ನಿಂದ 866 ಮೆಗಾಹರ್ಟ್ಸ್‌ಗೆ ಇಳಿದರೆ ಬಯಲಿನಲ್ಲಿ ಇನ್ನೂ ಸುಮಾರು 9 ಡಿಬಿ ನಷ್ಟ ಕಡಿಮೆ.

ಆದರೆ ಇಲ್ಲೊಂದು ಗುಂಡಿ ಇದೆ. ಆನ್‌ಲೈನ್‌ನಲ್ಲಿ ಲೋರಾ ಅಂತ ಹುಡುಕಿದರೆ 433, 868, 915 ಮೆಗಾಹರ್ಟ್ಸ್ ಮೂರೂ ಸಿಗುತ್ತವೆ, ಕಡಿಮೆ ರೇಟಿನದ್ದನ್ನೇ ಕಾರ್ಟ್‌ಗೆ ಹಾಕ್ತೀವಿ. ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲೇ ಲೈಸೆನ್ಸ್ ಇಲ್ಲದ ಬಳಕೆಗೆ ಬಿಟ್ಟಿದ್ದಾರೆ; 2021ರಲ್ಲಿ ಅದನ್ನು 868ರವರೆಗೆ ಹಿಗ್ಗಿಸಿದರು. ಮಿತಿಯೂ ಇದೆ: ಟ್ರಾನ್ಸ್‌ಮಿಟರ್ ಪವರ್ 1 ವ್ಯಾಟ್, ಅಗಲ 200 ಕಿಲೋಹರ್ಟ್ಸ್. 915 ಅಮೆರಿಕದವರ ಪಟ್ಟಿ. ನಮ್ಮಲ್ಲಿ 900ರ ಸುತ್ತಮುತ್ತ ಮೊಬೈಲ್ ಕಂಪನಿಗಳ ಜಾಗ. ಹಾಗಾಗಿ ಹೆಸರು 868 ಅಂತ ಇರೋ ಮಾಡ್ಯೂಲ್ ಕೊಂಡು, ಸಾಫ್ಟ್‌ವೇರ್‌ನಲ್ಲಿ 866ಕ್ಕೆ ಇಡೋದು ನಮಗೆ ಸರಿ.

ವಸ್ತುವನ್ನು ಮಾರೋ ಆಸೆ ಇದ್ದರೆ ಅನುಮತಿಯ ವಿಷಯವೂ ಬರುತ್ತೆ. ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಇಟಿಎ ಅನ್ನೋ ಅನುಮೋದನೆ ಕೊಡುತ್ತೆ, ಅದಕ್ಕೆ ರೇಡಿಯೊ ಟೆಸ್ಟ್ ರಿಪೋರ್ಟ್ ಬೇಕು. ಒಳ್ಳೆ ಮಾಡ್ಯೂಲ್‌ಗೆ ಆ ರಿಪೋರ್ಟ್ ತಯಾರಕರ ಹತ್ತಿರ ಮೊದಲೇ ಇರುತ್ತೆ. ನಾವೇ ಕಟ್ಟಿದ ರೇಡಿಯೊಗೆ ಸೊನ್ನೆಯಿಂದ ಶುರು. ಹಾಗಂತ ಮಾಡ್ಯೂಲ್‌ನ ಆಂಟೆನಾ ಕಿತ್ತು ದೊಡ್ಡದು ಹಾಕಿದರೆ ಆ ರಿಪೋರ್ಟ್ ನಮ್ಮ ವಸ್ತುವಿನದ್ದಾಗಿ ಉಳಿಯೋದಿಲ್ಲ, ಯಾಕಂದ್ರೆ ಟೆಸ್ಟ್ ಆಗಿದ್ದು ಹಳೇ ಆಂಟೆನಾ ಜೊತೆ.

ಕೊನೇದು ಜಾಗ. ತಗಡಿನ ಶೆಡ್ ಒಳಗೆ, ಚೀಲಗಳ ಮಧ್ಯೆ ಆಂಟೆನಾ ಇಟ್ಟರೆ ಯಾವ ಮಾಡ್ಯೂಲ್ ಆದ್ರೂ ಅಳುತ್ತೆ. ಎರಡು ಕಡೆ ಲೋಹದ ಹಾಳೆ ಇರೋ ಕೋಲ್ಡ್ ಸ್ಟೋರೇಜ್ ಗೋಡೆಗಳಂತೂ ರೇಡಿಯೊಗೆ ಬೀಗ ಹಾಕಿದ ಹಾಗೆ. ಸೆನ್ಸರ್ ಒಳಗಿರಲಿ, ಆಂಟೆನಾ ಕೇಬಲ್‌ನಲ್ಲಿ ಹೊರಗೆ ಬರಲಿ.

ಸಿಮ್ ಹಾಕೋ ಮಾಡ್ಯೂಲ್ ಆದ್ರೆ

ನಮ್ಮ ಮನೆ ರಾಣೆಬೆನ್ನೂರು ಕಡೆ ಹಳ್ಳಿ. ಅಪ್ಪ ಬೋರ್‌ವೆಲ್ ಮೋಟರ್‌ಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದಾರೆ. ಮೂರು ಫೇಸ್ ಕರೆಂಟ್ ರಾತ್ರಿ ಬಂದರೆ ಹಾವು ಚೇಳಿನ ಭಯದಲ್ಲಿ ಹೊಲಕ್ಕೆ ನಡೆಯಬೇಕಿಲ್ಲ, ಮನೆಯಿಂದಲೇ ಫೋನ್ ಮಾಡಿದರೆ ಮೋಟರ್ ಚಾಲೂ. ಆ ಡಬ್ಬಿಯ ಒಳಗೂ ಒಂದು ಜಿಎಸ್‌ಎಂ ಮಾಡ್ಯೂಲ್ ಇದೆ.

ಇಲ್ಲಿ “ಮಾಡೋದಾ” ಅನ್ನೋ ಪ್ರಶ್ನೆಯೇ ಏಳೋದಿಲ್ಲ. ಮೊಬೈಲ್ ಜಾಲದ ಜೊತೆ ಮಾತಾಡೋ ಸಾಫ್ಟ್‌ವೇರ್ ಸಾವಿರಾರು ಪುಟದ ನಿಯಮಾವಳಿಯ ಮೇಲೆ ನಿಂತಿದೆ. ಸಣ್ಣ ಕಂಪನಿಗಳೂ ಕೊಂಡೇ ಹಾಕ್ತವೆ. ಆದರೆ ಕೊಳ್ಳೋವಾಗ ಮುಂದಿನ ಹತ್ತು ವರ್ಷ ನೋಡಬೇಕು. ಲ್ಯಾಬ್‌ಗಳಲ್ಲಿ ಎಲ್ಲರೂ ಬಳಸೋ ಸಿಮ್800ಎಲ್ ಬರೀ 2ಜಿ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದಾಗ 2ಜಿ ಇಲ್ಲದೆ ನೇರ 4ಜಿಯಲ್ಲೇ ಬಂತು. ಆ ಸಿಮ್ 2ಜಿ ಮಾಡ್ಯೂಲ್‌ಗೆ ಹಾಕಿದರೆ ನೆಟ್‌ವರ್ಕ್ ಸಿಗೋದಿಲ್ಲ, ಅದು ಯಾರ ತಪ್ಪೂ ಅಲ್ಲ, ಎರಡೂ ಬೇರೆ ಭಾಷೆ. ಮಾಡ್ಯೂಲ್ ಬಳಸಿ ಮಾಡಿದ ಡಬ್ಬಿಯಾದರೆ ಆ ತುಂಡನ್ನ ಬದಲಾಯಿಸಿ 4ಜಿಯದ್ದು ಕೂರಿಸಬಹುದು, ಉಳಿದ ರಿಲೇ, ಕಾಂಟಾಕ್ಟರ್ ಎಲ್ಲಾ ಹಾಗೇ. ಅದಕ್ಕೆ ಬೋರ್ಡ್ ಮಾಡುವಾಗಲೇ ಮಾಡ್ಯೂಲ್ ಜಾಗವನ್ನ ಬೇರೆಯಾಗಿ ಇಡೋದು ಜಾಣತನ.

ಇನ್ನೊಂದು ಮಾತು. ಸಿಮ್800ಎಲ್ ಸಿಗ್ನಲ್ ಕಳಿಸೋ ಕ್ಷಣದಲ್ಲಿ 2 ಆಂಪಿಯರ್‌ವರೆಗೂ ಎಳೆಯುತ್ತೆ. ತೆಳು ಜಂಪರ್ ವೈರ್‌ನಲ್ಲಿ ಕರೆಂಟ್ ಕೊಟ್ಟರೆ ವೋಲ್ಟೇಜ್ ಕುಸಿದು ರೀಸೆಟ್ ಆಗ್ತಾನೇ ಇರುತ್ತೆ. “ಮಾಡ್ಯೂಲ್ ಡೂಪ್ಲಿಕೇಟ್ ರೀ” ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋಗೋ ಮೊದಲು ದಪ್ಪ ವೈರ್, ಪಕ್ಕದಲ್ಲೊಂದು ದೊಡ್ಡ ಕೆಪಾಸಿಟರ್ ಹಾಕಿ ನೋಡಿ.

ಹಾಗಾದರೆ ಯಾರೂ ಮಾಡಬಾರದಾ?

ಹಾಗಲ್ಲ. ಕಿವಿಯಲ್ಲಿ ಕೂರೋ ಇಯರ್‌ಬಡ್‌ನಲ್ಲಿ ಮಾಡ್ಯೂಲ್‌ಗೆ ಜಾಗವೇ ಇಲ್ಲ, ಚಿಪ್ಪೇ ಗತಿ. ಲಕ್ಷಗಟ್ಟಲೆ ಮಾರೋರಿಗೆ ಒಂದೊಂದು ರೂಪಾಯಿಯೂ ದೊಡ್ಡದು. ಇನ್ನು ಕೆಲವರು ಚಿಪ್ಪನ್ನೇ ಮಾಡ್ತಾರೆ. ಬೆಂಗಳೂರಿನ ಸಿಗ್ನಲ್‌ಚಿಪ್ ಕಂಪನಿ 2010ರಲ್ಲಿ ಶುರುವಾಗಿ, 2019ರ ಫೆಬ್ರವರಿಯಲ್ಲಿ 4ಜಿ, 5ಜಿ ಮೋಡೆಮ್ ಚಿಪ್‌ಗಳನ್ನ ಹೊರತಂದಿತು. ಆ ಸರಣಿಗೆ ಇಟ್ಟ ಹೆಸರು “ಆಗುಂಬೆ”! ಓದಿದಾಗ ಖುಷಿಯಾಯ್ತು. ಆದರೆ ಇಸವಿಗಳನ್ನೂ ನೋಡಿ. ಅದೇ ಕೆಲಸ ಗೊತ್ತಿದ್ದವರಿಗೇ ಅಷ್ಟು ವರ್ಷ ಹಿಡಿದಿದೆ. ನಾನು ಕಾಕಾ ಹತ್ತಿರ ಕೇಳಿದ್ದು ಒಂದು ತಿಂಗಳು.

ಕಲಿಯೋಕೆ ಅಂತ ಮಾಡೋದಾದರೆ ಖಂಡಿತ ಮಾಡಿ, ಕೆಟ್ಟರೂ ಮಾಡಿ. ಕಲಿಯೋ ಬೋರ್ಡ್‌ನ್ನ ಇನ್ನೊಬ್ಬರ ಗೋದಾಮಿನ ಗೋಡೆಗೆ ಮಾತ್ರ ಹಾಕಬೇಡಿ.

ಶುರು ಮಾಡೋ ಮೊದಲು ಇಷ್ಟು ಕೇಳಿಕೊಳ್ಳಿ:

1. ಎಷ್ಟು ಪೀಸ್? ನೂರರ ಲೆಕ್ಕ ಆದರೆ ಮಾಡ್ಯೂಲ್, ಯೋಚನೆಯೇ ಬೇಡ.
2. ಎಷ್ಟು ದೂರ, ಎಷ್ಟು ಡೇಟಾ, ಮಧ್ಯೆ ಏನಿದೆ? ತಗಡಾ, ಗೋಡೆಯಾ, ಬೆಳೆಯಾ?
3. ಆ ಫ್ರೀಕ್ವೆನ್ಸಿ ನಮ್ಮ ದೇಶದಲ್ಲಿ ಬಿಟ್ಟಿದ್ದಾ?
4. ಡೇಟಾಶೀಟ್‌ನಲ್ಲಿ ಆಂಟೆನಾ ಸುತ್ತ ಎಷ್ಟು ಖಾಲಿ ಬಿಡಿ ಅಂದಿದ್ದಾರೆ?
5. ಅತಿ ಹೆಚ್ಚು ಕರೆಂಟ್ ಎಷ್ಟು, ನಮ್ಮ ಸಪ್ಲೈ ತಡೆಯುತ್ತಾ?
6. ಐದು ವರ್ಷದ ನಂತರ ಈ ಮಾಡ್ಯೂಲ್ ಸಿಗದಿದ್ದರೆ ಏನು ಕೂರಿಸ್ತೀವಿ?
7. ಸಿಗ್ನಲ್ ಬರದೇ ಹೋದರೆ ಬಳಸೋರಿಗೆ ಗೊತ್ತಾಗುತ್ತಾ?

ಏಳನೇ ಪ್ರಶ್ನೆಯನ್ನ ನಾನು ಪುಸ್ತಕದಿಂದ ಕಲಿತದ್ದಲ್ಲ.

ಈಗ ಗೋದಾಮಿನಲ್ಲಿ ಕೊಂಡ ಲೋರಾ ಮಾಡ್ಯೂಲ್ ಇದೆ, ಆಂಟೆನಾ ತಗಡಿನ ಹೊರಗೆ. ಅಂಗಡಿಯಲ್ಲಿ ಅದರ ಜೋಡಿ. ಬೋರ್ಡ್ ನನ್ನದೇ, ರೇಡಿಯೊ ಮಾತ್ರ ಕೊಂಡದ್ದು. ಅರ್ಧ ಗಂಟೆ ರೀಡಿಂಗ್ ಬರದಿದ್ದರೆ ಕೆಂಪು ದೀಪ ಹತ್ತಿ ಬಝರ್ ಕೂಗುತ್ತೆ. ಈ ಸಲ ಮಂಚದಿಂದ ಮಂಚಕ್ಕಲ್ಲ, ಚೀಲ ತುಂಬಿ ಬಾಗಿಲು ಹಾಕಿದ ಗೋದಾಮಿನಲ್ಲಿಟ್ಟು ಎರಡು ವಾರ ಟೆಸ್ಟ್ ಮಾಡಿದ ಮೇಲೆ ಕೊಟ್ಟೆ. ಕಾಕಾ ಈಗಲೂ ಬೆಳಿಗ್ಗೆ ಒಮ್ಮೆ ಹೋಗಿ ಚೀಲದೊಳಗೆ ಕೈ ಹಾಕಿ ನೋಡ್ತಾರೆ. “ನಿನ್ನ ಯಂತ್ರದ ಮ್ಯಾಲ ನಂಬಿಕಿ ಇಲ್ಲಂತಲ್ಲಪಾ, ಚಟ” ಅಂತಾರೆ. ಹೋಗಲಿ ಅಂತ ನಾನೂ ಹೇಳ್ತೀನಿ.

ಹಳೇ ಬೋರ್ಡ್ ನನ್ನ ಹಾಸ್ಟೆಲ್ ಟೇಬಲ್ ಮೇಲಿದೆ. ಯಾರಿಗಾದರೂ ಚಿಪ್ ಹಾಕಿಯೇ ಮಾಡಬೇಕು ಅನ್ನಿಸಿದರೆ ಬನ್ನಿ, ಆಂಟೆನಾ ಕೆಳಗೆ ತಾಮ್ರ ತುಂಬಿದರೆ ಹೇಗೆ ಕಾಣುತ್ತೆ ಅಂತ ತೋರಿಸ್ತೀನಿ.